ತೂಕ ನೋಡಿ ಕೊಂಡ ಕಾರ್ಡು

ನನ್ನ ತಂಗಿ ಮಹಾನಂದಾ ಕಂಪ್ಯೂಟರ್ ಕೊಳ್ಳುತ್ತಾಳೆ ಎಂದಾಗ ಜನ ಕೇಳಿದ ಮೊದಲ ಪ್ರಶ್ನೆ, ಯಾರಿಗೆ? ಆಟ ಆಡುವುದಕ್ಕೆ ಎಂದರೆ ಮುಂದಿನ ಪ್ರಶ್ನೆ, ಯಾರ ಮಕ್ಕಳು ಆಡುತ್ತಾರೆ? ಉತ್ತರ ಹೇಳಿ ಹೇಳಿ ನನ್ನ ತಲೆ ಕೆಟ್ಟಿದೆ. ಅವಳಿಗೇ. ಅವಳೇ ಆಡುತ್ತಾಳೆ. ಮೂವತ್ತು ದಾಟಿದ, ಮದುವೆ ಬೇಡವೆಂದ, ವಿಜಯಪುರದ ಇಬ್ರಾಹಿಂಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸು ಆಟ ಆಡಬಾರದೆಂದು ಯಾರು ಬರೆದಿಟ್ಟಿದ್ದಾರೆ? ಓಣಿಯ ಗಂಡಸರು ಕಟ್ಟೆಯ ಮೇಲೆ ಇಸ್ಪೀಟು ಹರಡಿಕೊಂಡು ಕೂತಾಗ ಯಾರಿಗೂ ಅವರ ವಯಸ್ಸು ನೆನಪಾಗುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಗಿರಣಿ ಅವಳದೇ. ನಮ್ಮವ್ವ ರುದ್ರವ್ವ ಬಾಗಿಲಲ್ಲಿ ಕೂತು ಬಂದವರ ಜೊತೆ ಮಾತಾಡುತ್ತಾಳೆ, ಒಳಗಿನ ಕೆಲಸವೆಲ್ಲ ಮಹಾನಂದಾ ಮಾಡುತ್ತಾಳೆ. ಹುಬ್ಬಿನ ತನಕ ಹಿಟ್ಟು, ತಲೆಗೆ ಬಿಗಿದ ಹಳೆಯ ವಸ್ತ್ರ. ಬಾಯಿ ಬಹಳ ಜೋರು. ಹಸಿ ಜೋಳ ತಂದು ಗಿರಣಿಯ ಕಲ್ಲಿಗೆ ಹಿಟ್ಟು ಮೆತ್ತಿಸುವವರನ್ನು ಅವಳು ಬೈಯುವುದು ರೈಲ್ವೆ ಗೇಟಿನ ತನಕ ಕೇಳುತ್ತದೆ. ದೊಡ್ಡ ಮನೆಯ ಹೆಂಗಸರು ಬಂದರೂ ಸರದಿ ತಪ್ಪಿಸಲು ಬಿಡುವುದಿಲ್ಲ. "ಡಬ್ಬಿ ಸಾಲಿನಾಗ ಇಡ್ರಿ, ನೀವು ಎದಕ್ಕ ಮುಂದ ಬರತೀರಿ" ಎಂದು ಮುಖದ ಮೇಲೇ ಹೇಳುವವಳು.

ಇಂಥವಳು ಕಾಳು ಬರದ ಮಧ್ಯಾಹ್ನಗಳಲ್ಲಿ ಫೋನಿನಲ್ಲಿ ಲಾರಿ ಓಡಿಸುವ ಆಟ ಹಿಡಿದಳು. ಹಿಮ ಬಿದ್ದ ರಸ್ತೆ, ಸಮುದ್ರದ ಮೇಲಿನ ಸೇತುವೆ, ಹದಿನಾರು ಗಾಲಿಯ ಲಾರಿ. ಸೊಲ್ಲಾಪುರದ ಆಚೆ ಕಾಲಿಡದ ನನ್ನ ತಂಗಿ ಯಾವುದೋ ದೇಶದ ಬಂದರಿಗೆ ಸರಕು ಮುಟ್ಟಿಸಿ ಬಂದು, "ಅಕ್ಕಾ, ಇವತ್ತ ಘಾಟಿನಾಗ ಬ್ರೇಕ್ ಹಿಡೀಲಿಲ್ಲ" ಎಂದು ನನಗೆ ಫೋನು ಮಾಡುತ್ತಿದ್ದಳು. ನಾನು ಗಂಡನ ಊರು ಟಿಕೋಟಾದಲ್ಲಿ ಕೂತು ನಗುತ್ತಿದ್ದೆ. ಆದರೆ ಅಂಗೈಯಗಲದ ಪರದೆಯಲ್ಲಿ ಎಷ್ಟು ದಿನ ರಸ್ತೆ ನೋಡುವುದು? ದೊಡ್ಡ ಪರದೆ ಬೇಕೆನಿಸಿತು ಅವಳಿಗೆ, ಸ್ಟೀರಿಂಗ್ ಕೂಡ. ಒಂದೊಂದೇ ಭಾಗ ಕೊಂಡು ಕೂಡಿಸತೊಡಗಿದಳು. ಪರದೆ ಬಂತು, ಕ್ಯಾಬಿನೆಟ್ ಬಂತು, ಒಳಗಿನ ಎಲ್ಲದಕ್ಕೂ ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿ ಬಂತು. ಉಳಿದದ್ದು ಗ್ರಾಫಿಕ್ಸ್ ಕಾರ್ಡು ಒಂದೇ. ಆಟದ ಚಿತ್ರವನ್ನೆಲ್ಲ ಪರದೆಗೆ ಎಳೆದು ಕೊಡುವುದು ಅದು. ಅದಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ.

ಆ ಕಾರ್ಡನ್ನು ಆರಿಸಲು ಅವಳು ಪಟ್ಟ ಪಾಡನ್ನು ನಾನು ಬಲ್ಲೆ. ಗಿರಣಿಯ ಸದ್ದಿನಲ್ಲಿ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ನೋಡಿದ ವಿಡಿಯೊಗಳಿಗೆ ಲೆಕ್ಕವಿಲ್ಲ. ಹಿಂದಿ ಅರ್ಧ ತಿಳಿಯುತ್ತಿತ್ತು, ಇಂಗ್ಲಿಷು ಕಾಲುಭಾಗ. ತಿಳಿಯದ್ದನ್ನು ನಿಲ್ಲಿಸಿ, ಹಿಂದೆ ತಿರುಗಿಸಿ ಮತ್ತೆ ಕೇಳುತ್ತಿದ್ದಳು. ಕೊನೆಗೆ ಒಂದನ್ನು ಗಟ್ಟಿ ಮಾಡಿದಳು. ಎರಡು ಫ್ಯಾನಿನ ಗಿಡ್ಡ ಕಾರ್ಡು, ಹೊಸದು, ಕಡಿಮೆ ಕರೆಂಟು ಎಳೆಯುವಂಥದ್ದು, ಅವಳ ಪವರ್ ಸಪ್ಲೈಗೆ ಹೊಂದುವಂಥದ್ದು. ಅದರ ಹೆಸರನ್ನು ನನಗೆ ಎಷ್ಟು ಸಲ ಹೇಳಿದಳೆಂದರೆ ಹೊರಗಿನ ನನಗೇ ಬಾಯಿಪಾಠವಾಯಿತು. ಮನೆ, ಗಿರಣಿ, ಸೀರೆ, ಊಟ ಯಾವುದರಲ್ಲೂ ಅವಳು ಇದು ನನಗೆ ಬೇಕು ಎಂದು ಬೆರಳು ತೋರಿಸಿದ್ದನ್ನು ನಾನು ಕಂಡಿಲ್ಲ. ಇದೇ ಮೊದಲು.

ಆಗ ಅವ್ವ ಅಡ್ಡ ಬಂದಳು.

"ಅಳಿಯಾರ್ನ ಕರಕೊಂಡು ಹೋಗ್ರಿ. ಅವರ ಕೈಗುಣ ಚಲೋ ಐತಿ."

ಅಳಿಯ ಎಂದರೆ ನನ್ನ ಗಂಡ ಸಿದ್ದರಾಯ. ಟಿಕೋಟಾದಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ ಅವರದು. ದ್ರಾಕ್ಷಿ ತೋಟದವರು, ಬಬಲೇಶ್ವರದ ಕಡೆಯ ಬೋರಿನವರು ಎಲ್ಲ ಅವರ ಹತ್ತಿರವೇ ಬರುತ್ತಾರೆ. ನನ್ನ ತವರಿನಲ್ಲಿ ಯಾವ ಯಂತ್ರ ಕೊಂಡರೂ ಆರಿಸುವುದು ಅಳಿಯನೇ. ಅಂಗಡಿಯಲ್ಲಿ ಸಂಚಕಾರ ಕೊಡುವುದೂ ಅವರ ಕೈಯಿಂದಲೇ. ಸಂಚಕಾರವೆಂದರೆ ಮಾತು ಮುಗಿಯಿತೆಂದು ಕೊಡುವ ಮುಂಗಡ. ಕೊಟ್ಟ ಮೇಲೆ ಹಿಂದೆ ಸರಿಯುವ ಹಾಗಿಲ್ಲ. ಎತ್ತಿನ ವ್ಯಾಪಾರದಿಂದ ಬಂದ ರೀತಿ ಇದು, ನಮ್ಮವರು ಮಿಕ್ಸಿ ಕೊಳ್ಳುವಾಗಲೂ ಬಿಟ್ಟಿಲ್ಲ.

ನಾವು ನಾಲ್ವರೂ ವಿಜಯಪುರದ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯ ಚೇತನಕುಮಾರ ಮಹಾನಂದಾಳ ಕಡೆ ನೋಡಲೇ ಇಲ್ಲ. ನೇರವಾಗಿ ನನ್ನ ಗಂಡನಿಗೆ, "ಬರ್ರಿ ಸರ, ಯಾ ರೇಂಜಿಂದು ತೋರಸಲಿ?" ಎಂದ. ಮಹಾನಂದಾ ತನ್ನ ಕಾರ್ಡಿನ ಹೆಸರು ಹೇಳಿದಳು. ಅವನು ಅದನ್ನು ತಂದು ಮೇಜಿನ ಮೇಲಿಟ್ಟ. ನನ್ನ ಗಂಡ ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಮಾಡಿದರು.

"ಏನ್ರಿ ಇದು, ಹಪ್ಪಳ ಆಗೇತಿ. ಇದರಾಗ ತಾಂಬ್ರ ಎಲ್ಲೈತಿ?"

ಚೇತನಕುಮಾರನ ಕಣ್ಣು ಮಿಂಚಿದ್ದನ್ನು ನಾನು ನೋಡಿದೆ. ಒಳಗೆ ಹೋಗಿ ಇಟ್ಟಿಗೆಯಂಥ ಒಂದು ಹಳೆಯ ಕಾರ್ಡು ತಂದ. ಮೂರು ಫ್ಯಾನು, ಮೊಳದುದ್ದ. ಯಾರೋ ಬಳಸಿ ಬಿಟ್ಟದ್ದು, ಒರೆಸಿ ಇಟ್ಟಿದ್ದ. ನನ್ನ ಗಂಡ ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಇದು ಹಿಡಿದು ತೂಗಿದರು. ಮೋಟಾರಿನ ವಿಷಯದಲ್ಲಿ ಅವರ ಲೆಕ್ಕ ಎಂದೂ ತಪ್ಪಿಲ್ಲ. ತಾಮ್ರ ಹೆಚ್ಚಿದ್ದರೆ ತೂಕ ಹೆಚ್ಚು, ತೂಕ ಹೆಚ್ಚಿದ್ದರೆ ಬಾಳಿಕೆ ಹೆಚ್ಚು. ಅದೇ ಲೆಕ್ಕವನ್ನು ಇಲ್ಲಿಗೂ ತಂದರು. ಆ ಭಾರ ಬಹುಪಾಲು ಬಿಸಿ ಹೊರಹಾಕಲು ಕೂಡಿಸಿದ ಅಲ್ಯೂಮಿನಿಯಂ ಪಟ್ಟಿಗಳದು ಎಂದು ಅಂಗಡಿಯವನಿಗೆ ಗೊತ್ತಿಲ್ಲವೇ? ಗೊತ್ತಿತ್ತು. "ಸರಗ ಬರೋಬ್ಬರಿ ತಿಳೀತದ ನೋಡ್ರಿ" ಎಂದು ಹಲ್ಲು ಕಿರಿದ, ಕಳ್ಳ.

"ಮಾಮಾ, ಅದು ನನ್ನ ಪವರ್ ಸಪ್ಲೈಗೆ ಆಗೂದಿಲ್ರಿ" ಎಂದಳು ಮಹಾನಂದಾ.

"ಸುಮ್ಮಿರು ಬೇ. ನಾ ದಿನಾ ಕರೆಂಟಿನ ಜೋಡಿನ ಇರಾಂವ."

ಅವಳು ಅವರನ್ನು ಬಿಟ್ಟು ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನು ಹುಡುಕಿದಳೋ. ಆಮೇಲೆ ತಲೆ ಬಗ್ಗಿಸಿದಳು. ಅವ್ವ ಸೆರಗಿನ ಗಂಟು ಬಿಚ್ಚಿದಳು, ನನ್ನ ಗಂಡ ಸಂಚಕಾರ ಕೊಟ್ಟರು, ಮುಗಿಯಿತು. ಹಸಿ ಜೋಳಕ್ಕೆ ಓಣಿ ಎದ್ದು ಕೂರುವಂತೆ ಕೂಗುವವಳು ತನ್ನ ಕಾರ್ಡಿಗೆ ಪಿಟ್ಟೆನ್ನಲಿಲ್ಲ. ಅಂಗಡಿಯಿಂದ ಹೊರಬಂದಾಗ ನನಗೆ ಅವಳ ಮೇಲೆಯೇ ಸಿಟ್ಟು ಬಂದಿತ್ತು.

ಮನೆಯಲ್ಲಿ ಕಾರ್ಡಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಳಿಸಿ, ಕಂಪ್ಯೂಟರಿಗೆ ಜೋಡಿಸಿದ್ದಾಯಿತು. ಪರದೆ ಬೆಳಗಿತು, ಚಿತ್ರ ಬಂತು. ಲಾರಿ ಆಟ ತೆರೆದು ರಸ್ತೆಗಿಳಿದ ಕೂಡಲೇ ಎಲ್ಲ ಕಪ್ಪಾಯಿತು. ಮತ್ತೆ ಚಾಲು, ಮತ್ತೆ ಕಪ್ಪು. ಕಾರ್ಡು ಎಳೆಯುವಷ್ಟು ಕರೆಂಟು ಕೊಡುವ ಶಕ್ತಿ ಆ ಪವರ್ ಸಪ್ಲೈ ಡಬ್ಬಿಗೆ ಇರಲಿಲ್ಲ. ಅವಳು ಹೇಳಿದ್ದು ಅದನ್ನೇ ತಾನೇ? ನನ್ನ ಗಂಡ ಮಾತ್ರ ಇಬ್ರಾಹಿಂಪುರದ ಕರೆಂಟೇ ಸರಿಯಿಲ್ಲವೆಂದು ತೀರ್ಪು ಕೊಟ್ಟು ಊಟ ಮುಗಿಸಿ ಎದ್ದರು. ಮಹಾನಂದಾ ಕಂಪ್ಯೂಟರಿನ ಮೇಲೆ ಹಳೆಯ ಸೀರೆ ಹೊದಿಸಿದಳು.

ಇಷ್ಟಕ್ಕೇ ನಿಂತಿದ್ದರೆ ನಾನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಕೆಲವು ದಿನಗಳಾದ ಮೇಲೆ ಗಂಡನಿಗೆ ಬುತ್ತಿ ಕೊಡಲು ಅವರ ಅಂಗಡಿಗೆ ಹೋಗಿದ್ದೆ. ಒಳಗೆ ಗಿರಾಕಿಗಳ ನಡುವೆ ಅವರ ದನಿ. "ಚಲೋ ಮಾಲ ಕೊಡಿಸಿದ್ದೆ. ನಮ್ಮ ನಾದಿನಿ ಏನೇನೋ ಒತ್ತಿ ಕೆಡಿಸಿಟ್ಟಾಳ. ಹೆಣಮಕ್ಕಳಿಗೆ ಅಂಥಾದ್ದು ಯಾಕ ಬೇಕು ಹೇಳ್ರಿ." ಎಲ್ಲರೂ ನಕ್ಕರು. ನಾನು ಬುತ್ತಿಯನ್ನು ಹೊಸ್ತಿಲ ಮೇಲೆ ಕುಕ್ಕಿ, ಬಂದ ಬಸ್ಸು ಹತ್ತಿ ಇಬ್ರಾಹಿಂಪುರಕ್ಕೆ ಹೋದೆ.

ಗಿರಣಿಯ ಬಾಗಿಲಲ್ಲೇ ಶುರು ಮಾಡಿದೆ. "ಬಾಯಿ ಸತ್ತಿತ್ತೇನ ನಿಂದು ಅವತ್ತ? ಊರಿಗೆಲ್ಲಾ ಬೈತಿ, ಅವರಿಗೊಂದು ಮಾತು ಅನ್ನಾಕ ಆಗಲಿಲ್ಲ?"

ಅವಳು ಬೆಲ್ಟು ಬಿಡಿಸಿ ಯಂತ್ರ ನಿಲ್ಲಿಸಿದಳು.

"ನಿನ್ನ ಸಲುವಾಗಿ ಅಂದಿಲ್ಲ."

"ನನ್ನ ಸಲುವಾಗಿ?"

"ನಾ ಎದುರು ಮಾತಾಡಿದ್ರ ಆ ಸಿಟ್ಟು ಅವರು ಯಾರ ಮ್ಯಾಲೆ ತೀರಸ್ತಾರ? ಮನಿಗೆ ಹೋದ ಮ್ಯಾಲೆ ನಿನ್ನ ಮ್ಯಾಲೆ. ನಿನ್ನ ಮದುವಿ ಆದಾಗಿಂದ ಅವ್ವ ಇದನ್ನ ಹೇಳಕೋತ ಬಂದಾಳ. ಅಕ್ಕ ಅಲ್ಲಿ ಸುಖ ಇರಬೇಕಂದ್ರ ಅಳಿಯಾರಿಗೆ ಇಲ್ಲಿ ಯಾರೂ ಅಲ್ಲ ಅನಬಾರದು. ಈ ಗಿರಣಿ ಕಲ್ಲು ನನಗ ಬ್ಯಾಡಾಗಿತ್ತು, ಅವರು ಆರಿಸಿದ್ರು. ಹೊರಗ ನಿಂತ ಆ ಗಾಡಿ ನನಗ ಎತ್ತರ ಆಗತೈತಿ, ಅವರು ಆರಿಸಿದ್ರು. ಅಪ್ಪನ ಕಾಲಿಗೆ ಯಾವ ದವಾಖಾನಿ ಅನ್ನೂದೂ ಅವರ ಆರಿಸಿದ್ರು. ನಾ ಎಲ್ಲಾದಕ್ಕೂ ಹೂಂ ಅಂದೇನಿ. ಇದೊಂದು ಕಾರ್ಡರೆ ನಂದು ಅನ್ಕೊಂಡಿದ್ದೆ."

ಅವ್ವ ಬಾಗಿಲ ಕಡೆ ಮುಖ ತಿರುಗಿಸಿ ಕೂತಿದ್ದಳು.

ಮದುವೆಯಾದಂದಿನಿಂದ ನನ್ನ ಗಂಡ ನನಗೆ ಒಂದು ಗಟ್ಟಿ ಮಾತು ಆಡಿದವರಲ್ಲ. ಗೆಳತಿಯರ ಮುಂದೆ ನಾನು ಅದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ನಮ್ಮವರ ಸ್ವಭಾವವೇ ತಣ್ಣಗೆ ಎಂದಿದ್ದೇನೆ. ತಣ್ಣಗೇನು ಬಂತು, ಅವರಿಗೆ ಸಿಟ್ಟು ಬರುವಂಥ ಮಾತನ್ನು ನನ್ನ ತವರಿನಲ್ಲಿ ಯಾರೂ ಆಡಿರಲಿಲ್ಲ, ಅಷ್ಟೇ. ನನ್ನ ಸುಖ ಸಂಸಾರವನ್ನು ಇವರಿಬ್ಬರೂ ಬಾಯಿ ಹೊಲಿದುಕೊಂಡು ನಡೆಸುತ್ತಿದ್ದರು, ಅದೂ ನನ್ನನ್ನು ಒಂದು ಮಾತು ಕೇಳದೆ. ಇಂಥ ಉಪಕಾರ ಮಾಡಿರೆಂದು ನಾನು ಯಾರನ್ನು ಬೇಡಿದ್ದೆ? ನನಗೆ ಅವ್ವನ ಮೇಲೆ, ಗಂಡನ ಮೇಲೆ, ಆ ಹಲ್ಲುಕಿರುಕನ ಮೇಲೆ ಒಟ್ಟಿಗೇ ಮೈ ಉರಿಯಿತು. ಮಹಾನಂದಾಳಿಂದ ಕಾರ್ಡು ಬಿಚ್ಚಿಸಿಕೊಂಡು, ಚೀಲದಲ್ಲಿಟ್ಟುಕೊಂಡು ಮುಂದಿನ ಬಸ್ಸಿಗೇ ಟಿಕೋಟಾಕ್ಕೆ ತಿರುಗಿ ಬಂದೆ.

ಅಂಗಡಿಯಲ್ಲಿ ಗಿರಾಕಿಗಳು ಇನ್ನೂ ಇದ್ದರು. ಇರಲಿ, ನಕ್ಕವರು ಕೇಳಲಿ ಎಂದು ಕಾರ್ಡನ್ನು ತಾಮ್ರದ ತಂತಿಯ ಉಂಡೆಗಳ ನಡುವೆ ಇಟ್ಟೆ.

"ಇದನ್ನ ಮಹಾನಂದಾ ಕೆಡಿಸಿಲ್ರಿ. ನೀವು ತಪ್ಪು ಆರಿಸೀರಿ. ಆಕಿ ಹೇಳಿದ್ಲು, ನೀವು ಕೇಳಲಿಲ್ಲ."

ಅವರ ಮುಖ ಕೆಂಪಾಯಿತು. ಕೈಯಲ್ಲಿದ್ದ ಸುತ್ತಿಗೆ ಒಗೆದರು. ಆಮೇಲೆ ಬಂತು, ಇಷ್ಟು ವರ್ಷ ಬಾರದೆ ಉಳಿದದ್ದೆಲ್ಲ. ನಾಲ್ಕು ಮಂದಿಯ ಮುಂದೆ ಮಾನ ಕಳೆದೆ ಎಂದರು. ತವರಿನವರು ತಲೆಯ ಮೇಲೆ ಕೂರಿಸಿ ಕೆಡಿಸಿದ್ದಾರೆ ಎಂದರು. ನನ್ನ ಅಪ್ಪನ ಹೆಸರು ಹಿಡಿದು ಏನೋ ಅಂದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಗಿರಾಕಿಗಳು ಒಬ್ಬೊಬ್ಬರೇ ಎದ್ದು ಹೊರಗೆ ಹೋದರು. ನಾನು ಮುರುಕು ಸ್ಟೂಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡೆ. ಏಳಲಿಲ್ಲ. ಉಸಿರು ತೆಗೆಯಲು ಅವರು ನಿಂತಾಗ ಕೇಳಿದೆ.

"ಆತೇನ್ರಿ? ನಾ ಇದನ್ನ ತಿರುಗಿ ಕೊಟ್ಟು ಬರತೇನಿ."

"ಸಂಚಕಾರ ಕೊಟ್ಟದ್ದು ನಾನು! ಹೋದ್ರ ನನ್ನ ಮಾತು ಏನಾತು?"

"ಕಳ್ಳನ ಮುಂದ ಆಡಿದ ಮಾತು, ಹೋಗಲಿ ಬಿಡ್ರಿ" ಎಂದು ಚೀಲ ಎತ್ತಿಕೊಂಡೆ.

ಅವರು ಗಾಡಿ ತೆಗೆಯಲಿಲ್ಲ, ತಡೆಯಲೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಹಾನಂದಾಳಿಗೆ ಫೋನು ಹಚ್ಚಿದೆ. ಆ ಅಂಗಡಿಗೆ ಬಾ, ಬದಲಾಯಿಸಿ ಕೊಡದಿದ್ದರೆ ಅಲ್ಲೇ ಕೂತು ಅವನ ಗಿರಾಕಿಗಳಿಗೆಲ್ಲ ಹೇಳೋಣ ಎಂದೆ. ಅವಳು ಕಾರ್ಡಿನ ಮಾತು ಎತ್ತಲಿಲ್ಲ.

"ಅಕ್ಕಾ, ಮಾಮಾ ಏನಂದ್ರು?"

"ಬೈದ್ರು."

"ನನಗ?"

"ನನಗ."

ಆ ಕಡೆಯಿಂದ ಮೂಗು ಸೇದುವ ಸದ್ದು ಕೇಳಿತು. ಅಳುತ್ತಿದ್ದಾಳೆಂದು ತಿಳಿದು ನನಗೆ ಮತ್ತೆ ಸಿಟ್ಟು ಬಂತು.

"ಅಳಬ್ಯಾಡ. ಬೈದ್ರ ನಾ ಏನ ಸಾಯಲಿಲ್ಲ, ಜೀವಂತ ಇದ್ದೇನಿ. ಮನಿಗೆ ಹೋದ ಮ್ಯಾಲೆ ಇನ್ನೂ ಬೈತಾರ, ಅದನ್ನ ನಾ ನೋಡ್ಕೋತೇನಿ. ನೀ ನಿನಗ ಬೇಕಾದ್ದು ಆರಿಸಾಕ ಬಾ."