ಕೈ ಅವಳದು, ಪೆಟ್ಟು ಇನ್ನೊಬ್ಬರದು

ಗುಡುಗಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದ ಆಕೆಗೆ ಆಗ ನಲವತ್ತೇಳು. ವಾರಕ್ಕೆ ಆರು ದಿನ ಆಸ್ಪತ್ರೆಗಳ ಹೊದಿಕೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಕೆಲಸ. ಒದ್ದೆ ಹೊದಿಕೆಯ ಎರಡು ತುದಿ ಹಿಡಿದು, ಸುಕ್ಕಾಗದಂತೆ ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಒಂದು ಕ್ಷಣ ತಡವಾದರೆ ಬಟ್ಟೆ ಮಡಚಿಕೊಳ್ಳುತ್ತದೆ, ಒಂದು ಕ್ಷಣ ಮೈಮರೆತರೆ ಕೈ ಸುಡುತ್ತದೆ. ಎರಡು ವರ್ಷದ ಹಿಂದೆ ಹಾಗೊಮ್ಮೆ ಎಡ ಮಣಿಕಟ್ಟು ಸುಟ್ಟು, ಮೂರು ಬೆರಳಗಲದ ಗುರುತು ಉಳಿದಿತ್ತು. ಲಾಂಡ್ರಿಯ ಕೆಲಸಕ್ಕೆ ಇಪ್ಪತ್ತಾರು ವರ್ಷ. ಡ್ರಮ್ ಬಾರಿಸುವುದು ಅದಕ್ಕೂ ಎರಡು ವರ್ಷ ಹಳೆಯದು.

ಅವಳು ಬಾರಿಸುತ್ತಿದ್ದ ರಾಕ್ ಬ್ಯಾಂಡ್ ಅವಳ ತಮ್ಮನದು ಎಂದೇ ಹೊರಗಿನವರು ತಿಳಿದಿದ್ದರು. ಹಾಡುವವನು ಅವನು, ಗಿಟಾರ್ ಅವನದು, ಮುಂದೆ ನಿಲ್ಲುವವನೂ ಅವನೇ. ಆದರೆ ಹದಿನೈದರ ವಯಸ್ಸಿನಲ್ಲಿ ಅವನು "ಅಕ್ಕಾ, ತಾಳ ಕೈಗೆ ಸಿಗ್ತಾನೇ ಇಲ್ಲ" ಎಂದು ಅಳುಮೋರೆ ಹಾಕಿದಾಗ, ಬೆನ್ನಿನ ಮೇಲೆ ಬೆರಳಿನಿಂದ ಬಡಿದು ಬಡಿದು ತಾಳ ಕೂರಿಸಿದವಳು ಅವಳು. ಬ್ಯಾಂಡಿನ ಇಪ್ಪತ್ತೈದನೇ ವರ್ಷಕ್ಕೆ ಒಳಾಂಗಣ ಕ್ರೀಡಾಂಗಣದಲ್ಲಿ ದೊಡ್ಡ ಕಾರ್ಯಕ್ರಮ ಆಯಿತು. ನಾಲ್ಕು ಸಾವಿರ ಜನ, ಏಳು ಕ್ಯಾಮೆರಾ. ಐದು ತಿಂಗಳ ನಂತರ ಒಂದು ಶುಕ್ರವಾರ ಆ ವಿಡಿಯೊ ಎಲ್ಲರೂ ನೋಡುವಂತೆ ಅಂತರ್ಜಾಲಕ್ಕೆ ಬಂತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವಳು ಮನೆಯ ಟಿವಿ ಮುಂದೆ ಕುಳಿತಳು. ಗಂಡ ಗಡಿಯಾರ ರಿಪೇರಿಯವನು. ಬಿಸಿಲು ಪರದೆಗೆ ಬೀಳದಂತೆ ಕಿಟಕಿ ಮುಚ್ಚಿ, ಎರಡು ಸ್ಪೀಕರ್ ಒರೆಸಿಟ್ಟ. ಅಮ್ಮ ಬೆತ್ತದ ಕುರ್ಚಿಯಲ್ಲಿ ಕನ್ನಡಕ ಏರಿಸಿಕೊಂಡು ಕುಳಿತಳು.

ಮೊದಲ ಹಾಡಿನಲ್ಲೇ ಗುಡುಗಕ್ಕನಿಗೆ ಏನೋ ಕಸಿವಿಸಿ. ಬೇರೆಯವರ ಚಪ್ಪಲಿ ಮೆಟ್ಟಿ ನಡೆದಂತೆ. ಡ್ರಮ್ಮಿನ ಸದ್ದು ಶುಭ್ರವಾಗಿತ್ತು, ಪೆಟ್ಟುಗಳು ಅಳೆದು ಕತ್ತರಿಸಿದಂತಿದ್ದವು. ಟಿವಿಯಲ್ಲಿ ಕೇಳಿದರೆ ಹೀಗೇ ಇರುತ್ತದೇನೋ ಎಂದು ಸುಮ್ಮನಾದಳು. ಎರಡನೇ ಹಾಡೂ ಮುಗಿಯಿತು.

ಮೂರನೇ ಹಾಡಿನಲ್ಲಿ ಕ್ಯಾಮೆರಾ ಅವಳ ಹತ್ತಿರ ಬಂತು. ಆ ದಿನ ಇಲ್ಲೇ ಬೆವರಿಗೆ ಎಡಗೈಯ ಕಡ್ಡಿ ಜಾರಿ ಹಾರಿಹೋಗಿತ್ತು. ಪಕ್ಕದ ಚೀಲದಿಂದ ಇನ್ನೊಂದು ಕಡ್ಡಿ ಎಳೆದುಕೊಳ್ಳುವವರೆಗೆ ಬಲಗೈ ಮತ್ತು ಕಾಲಿನಲ್ಲೇ ಹಾಡನ್ನು ಬೀಳದಂತೆ ಹಿಡಿದಿದ್ದಳು. ಟಿವಿಯಲ್ಲೂ ಕಡ್ಡಿ ಹಾರಿತು. ಬರಿಗೈ ಚೀಲದಲ್ಲಿ ತಡಕಾಡಿತು. ಆದರೆ ಎಡಗೈಯ ಪೆಟ್ಟು ನಿಲ್ಲಲೇ ಇಲ್ಲ! ಪರದೆಯ ಮೇಲೆ ಖಾಲಿ ಕೈ, ಸ್ಪೀಕರಿನಲ್ಲಿ ಒಂದೇ ಸಮನೆ ಟಕ್ ಟಕ್ ಟಕ್.

"ಹಿಂದಕ್ಕೆ ಹಾಕಿ," ಎಂದಳು.

ಗಂಡ ಹಿಂದಕ್ಕೆ ಹಾಕಿದ. ಮತ್ತೆ ನೋಡಿದರು. ನಾಲ್ಕು ಸಲ ನೋಡಿದರು. ದಿನವಿಡೀ ಗಡಿಯಾರದ ಸದ್ದಿಗೆ ಕಿವಿ ಕೊಟ್ಟು ಬದುಕುವ ಮನುಷ್ಯ ಅವನು. ಮೆಲ್ಲಗೆ, "ಇದು ನಿನ್ನ ಕೈ ಅಲ್ಲ ಕಣೇ. ನೀನು ಒಂಚೂರು ಎಳೆದು ಬಾರಿಸ್ತೀಯ. ಇದು ಬೇರೆ ಯಾರೋ," ಎಂದ.

"ಚೆನ್ನಾಗೇ ಕೇಳ್ತಿದೆಯಲ್ಲೇ," ಎಂದಳು ಅಮ್ಮ.

"ಅದೇ ಅಮ್ಮಾ ತೊಂದ್ರೆ."

ಅವಳ ಕಿವಿ ಬಿಸಿಯಾಗಿತ್ತು. ಪೂರ್ತಿ ಒಂದು ಗಂಟೆ ನಲವತ್ತು ನಿಮಿಷ ಹಲ್ಲು ಕಚ್ಚಿಕೊಂಡು ನೋಡಿದಳು. ಕೊನೆಯಲ್ಲಿ ಹೆಸರುಗಳು ಬಂದವು. ಡ್ರಮ್ಸ್ ಎಂಬುದರ ಎದುರಿಗೆ ಅವಳ ಹೆಸರು, ದಪ್ಪ ಅಕ್ಷರದಲ್ಲಿ. ಅದನ್ನು ಕಂಡದ್ದೇ ಸಿಟ್ಟು ನೆತ್ತಿಗೇರಿತು. ತಮ್ಮನಿಗೆ ಫೋನ್ ಮಾಡಿ, "ಈಗಲೇ ಬಾ," ಎಂದಷ್ಟೇ ಹೇಳಿ ಇಟ್ಟಳು.

ತಮ್ಮ ಮಧ್ಯಾಹ್ನ ನಗುನಗುತ್ತಾ ಬಂದ. ಹೊಗಳಲು ಕರೆದಿದ್ದಾಳೆ ಎಂದುಕೊಂಡಿದ್ದನೋ ಏನೋ. ಅವಳು ಮೂರನೇ ಹಾಡು ಹಾಕಿ, ಕಡ್ಡಿ ಹಾರಿದಲ್ಲಿಗೆ ನಿಲ್ಲಿಸಿದಳು.

"ಯಾರ ಕೈ ಕಣೋ ಇದು?"

ಅವನ ನಗು ಇಳಿಯಿತು. "ಅಕ್ಕಾ, ಎಲ್ಲರೂ ಮಾಡ್ತಾರೆ. ಸ್ಟುಡಿಯೋದಲ್ಲಿ ಸ್ವಲ್ಪ ಸರಿಮಾಡಿಸಿದ್ವಿ, ಅಷ್ಟೆ."

"ಸ್ವಲ್ಪಾನಾ? ಇದ್ರಲ್ಲಿ ನಂದು ಒಂದು ಪೆಟ್ಟಾದ್ರೂ ಇದ್ಯಾ?"

ಅವನು ನೆಲ ನೋಡಿದ. "ಕೈ ಸುಟ್ಟ ಮೇಲೆ ನಿನ್ನ ಎಡಗೈ ಹಿಂದೆ ಬೀಳ್ತಿದೆ. ಹೇಳಿದ್ರೆ ನೊಂದ್ಕೋತೀಯ ಅಂತ ಹೇಳ್ಲಿಲ್ಲ. ಯಾರಿಗೂ ಗೊತ್ತಾಗಲ್ಲ ಅಕ್ಕಾ."

"ನನಗೆ ಗೊತ್ತಾಯ್ತಲ್ಲ! ನಾನು ಯಾರೂ ಅಲ್ವಾ?"

"ನಿನ್ನ ಹೆಸರೇ ಹಾಕಿದೀವಲ್ಲ..."

"ಅದಕ್ಕೇ ಕಣೋ ಉರಿಯೋದು! ಕೈ ಹಿಂದೆ ಬೀಳ್ತಿದ್ರೆ ನನ್ನ ಎದುರಿಗೆ ಹೇಳ್ಬೇಕಿತ್ತು. ತೆಗೆದುಹಾಕಿದ್ರೂ ಸಹಿಸ್ಕೋತಿದ್ದೆ. ನನ್ನ ಮುಖ ಇಟ್ಕೊಂಡು ಬಾಯಿ ಹೊಲಿದ್ಬಿಟ್ಟಿದೀಯಲ್ಲ!"

ಅಮ್ಮ ನಡುವೆ ಬಂದು, "ನನಗಂತೂ ಎರಡೂ ಒಂದೇ ಥರ ತಲೆನೋವು. ಅದಕ್ಕೋಸ್ಕರ ಅಕ್ಕ ತಮ್ಮ ಕಚ್ಚಾಡ್ತೀರಾ?" ಎಂದಳು. ಯಾರೂ ನಗಲಿಲ್ಲ. "ಮೊದಲಿದ್ದ ಸದ್ದು ಹಾಕು, ಇಲ್ಲಾ ನನ್ನ ಹೆಸರು ತೆಗಿ," ಎಂದಳು ಗುಡುಗಕ್ಕ. ತಮ್ಮ ನೋಡೋಣ ಎಂದು ಎದ್ದುಹೋದ.

ಸೋಮವಾರ ಲಾಂಡ್ರಿಯಲ್ಲಿ ಎಲ್ಲರದೂ ಅದೇ ಮಾತು. ಸೂಪರ್‌ವೈಸರ್ ತನ್ನ ಗಾಜಿನ ಕೋಣೆಯಿಂದ ಎದ್ದು ಬಂದು, "ಎಂಥಾ ಕೈ ಅಮ್ಮಾ ನಿಮ್ದು! ಮಿಷಿನ್ ಥರ ಬಾರಿಸ್ತೀರಿ," ಎಂದ. ರೋಲರಿನ ಆಚೆ ಹೊದಿಕೆ ಮಡಿಸುವ ಗೆಳತಿಯರು ಹೋಗಿ ಬಂದು ಕೈ ಕುಲುಕಿದರು. ಒಂದೊಂದು ಹೊಗಳಿಕೆಯೂ ಕೆನ್ನೆಗೆ ಬಾರಿಸಿದಂತಿತ್ತು. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ, "ಅದು ನಾನಲ್ಲ," ಎಂದುಬಿಟ್ಟಳು. ಅವರೆಲ್ಲ ಅದನ್ನು ವಿನಯ ಎಂದುಕೊಂಡು ಇನ್ನಷ್ಟು ಹೊಗಳಿದರು.

ಸಂಜೆ ನೇರವಾಗಿ ಬ್ಯಾಂಡಿನ ಸೌಂಡ್ ನೋಡಿಕೊಳ್ಳುವವನ ಮನೆಗೆ ಹೋದಳು. ತಂತಿ ಎಂದು ಅವನ ಅಡ್ಡಹೆಸರು. ಅವನು ಬಾಗಿಲಲ್ಲೇ ಅವಳ ಮುಖ ನೋಡಿ, "ಇವತ್ತಲ್ಲ ನಾಳೆ ಬರ್ತೀರಿ ಅಂತ ಗೊತ್ತಿತ್ತು ಅಕ್ಕಾ," ಎಂದ. ಮೂಲ ಧ್ವನಿಯನ್ನು ಅಳಿಸಲು ಮನಸ್ಸು ಬಾರದೆ ಇಟ್ಟುಕೊಂಡಿದ್ದ. ಹೆಡ್‌ಫೋನ್ ಕೊಟ್ಟ.

ಅವಳು ಕೇಳಿದಳು. ತಮ್ಮ ಸುಳ್ಳು ಹೇಳಿರಲಿಲ್ಲ. ಎರಡು ಹಾಡಿನಲ್ಲಿ ಎಡಗೈ ನಿಜವಾಗಿಯೂ ಹಿಂದೆ ಬಿದ್ದಿತ್ತು, ಒಂದು ಕಡೆಯಂತೂ ಕೇಳಲಾಗದಷ್ಟು. ಅವಳಿಗೆ ತನ್ನ ಮೇಲೂ ಸಿಟ್ಟು ಬಂತು. ಆದರೆ ಮೂರನೇ ಹಾಡಿನಲ್ಲಿ ಕಡ್ಡಿ ಹಾರಿದ ಜಾಗ ಬಂದಾಗ, ಆ ಖಾಲಿಯಲ್ಲಿ ಏನೋ ಕೇಳಿಸಿತು. ಚಪ್ಪಾಳೆ. ಮುಂದಿನ ಸಾಲುಗಳ ಜನ ಅವಳ ಬರಿಗೈ ಕಂಡು, ಬಿಟ್ಟುಹೋದ ಪೆಟ್ಟುಗಳನ್ನು ತಾವೇ ಚಪ್ಪಾಳೆಯಿಂದ ತುಂಬಿದ್ದರು. ವೇದಿಕೆಯ ಗದ್ದಲದಲ್ಲಿ ಆ ದಿನ ಅದು ಅವಳಿಗೆ ಕೇಳಿಸಿಯೇ ಇರಲಿಲ್ಲ.

"ಇದನ್ನೂ ತೆಗೆದ್ರಾ?"

"ತಾಳಕ್ಕೆ ಅಡ್ಡ ಬರ್ತಿತ್ತು, ತೆಗಿ ಅಂದ್ರು," ಎಂದ ತಂತಿ.

ಒಂದು ವಾರ ಕಾದಳು. ತಮ್ಮನಿಂದ ಸುದ್ದಿಯೇ ಇಲ್ಲ. ಶನಿವಾರ ವಿಡಿಯೊದ ಕೆಳಗೆ ಡ್ರಮ್ ಕಲಿಯುತ್ತಿರುವ ಯಾವಳೋ ಹುಡುಗಿ ಪ್ರಶ್ನೆ ಬರೆದಿದ್ದಳು: ಎಂಟನೇ ಹಾಡಿನಲ್ಲಿ ಎಡಗೈ ಅಷ್ಟು ವೇಗವಾಗಿ ಓಡಿಸಲು ಯಾವ ಅಭ್ಯಾಸ ಮಾಡಬೇಕು? ಗುಡುಗಕ್ಕ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. "ಇಲ್ಲಿ ಕಾಣುವವಳು ನಾನು. ಕೇಳಿಸುವ ಡ್ರಮ್ ನನ್ನದಲ್ಲ. ಆಮೇಲೆ ಬೇರೆಯವರಿಂದ ಬಾರಿಸಿ ಸೇರಿಸಿದ್ದಾರೆ. ನನ್ನನ್ನು ಕೇಳಿಲ್ಲ." ಗಂಡ ಒಂದು ಕಾಗುಣಿತ ತಿದ್ದಿಕೊಟ್ಟ. "ಕಳಿಸ್ಲಾ?" ಎಂದು ಅವಳು ಕೇಳಲಿಲ್ಲ, ಅವನೂ ಬೇಡ ಎನ್ನಲಿಲ್ಲ.

ಸೋಮವಾರದ ಹೊತ್ತಿಗೆ ಅದು ಊರೆಲ್ಲ ಸುತ್ತಿತ್ತು. ಊಟದ ವಿರಾಮದಲ್ಲಿ ಲಾಂಡ್ರಿಯ ಗೇಟಿನ ಬಳಿ ಮೂವತ್ತೈದರ ಒಬ್ಬ ಗಂಡಸು ಅವಳಿಗಾಗಿ ಕಾಯುತ್ತಿದ್ದ.

"ಮೇಡಂ, ಬಾರಿಸಿದ್ದು ನಾನು. ನಿಮಗೆ ಕೈ ಪೂರ್ತಿ ಹೋಗಿದೆ, ನೀವೇ ಒಪ್ಪಿ ನನ್ನನ್ನ ಕರೆಸಿದ್ದೀರಿ ಅಂತ ಹೇಳಿದ್ರು. ನಿಮ್ಮ ಆರೋಗ್ಯ ಹೇಗಿದೆ ಅಂತಾನೂ ಕೇಳ್ತಿದ್ದೆ."

"ಯಾರು ಹೇಳಿದ್ದು?"

"ನಿಮ್ಮ ತಮ್ಮನೇ."

ಅವಳು ಅವನನ್ನು ಬೈಯಲಿಲ್ಲ. ಮಧ್ಯಾಹ್ನಕ್ಕೆ ರಜೆ ಕೇಳಿದಳು. ಹೊದಿಕೆ ಸಾಗಿಸುವ ವ್ಯಾನಿನ ಚಾಲಕ ಹಳೆಯ ಗೆಳೆಯ. "ಅರ್ಧ ಗಂಟೆ ಗಾಡಿ ಬೇಕು," ಎಂದಳು. ಅವಳ ಮುಖ ನೋಡಿ ಅವನು ಗಾಡಿ ಹೊರಡಿಸಿದ.

ಬ್ಯಾಂಡಿನ ಅಭ್ಯಾಸದ ಕೋಣೆ ಒಂದು ಪೀಠೋಪಕರಣದ ಗೋದಾಮಿನ ಹಿಂದೆ. ತಮ್ಮ, ಉಳಿದ ಇಬ್ಬರು ಅಲ್ಲೇ ಇದ್ದರು. ಅವಳು ಯಾರತ್ತಲೂ ನೋಡದೆ ಡ್ರಮ್ಮಿನ ಸಿಂಬಲ್ ತಟ್ಟೆಗಳ ತಿರುಪು ಬಿಚ್ಚತೊಡಗಿದಳು. ಒಂದೊಂದಾಗಿ ಕಳಚಿ, ದೊಡ್ಡ ಡ್ರಮ್ಮನ್ನು ಎದೆಗವಚಿಕೊಂಡು ವ್ಯಾನಿಗೆ ಹೊತ್ತೊಯ್ದಳು.

"ಅಕ್ಕಾ, ಏನ್ಮಾಡ್ತಿದೀಯಾ? ನಾಲ್ಕು ಜನರ ಎದುರಿಗೆ ಬ್ಯಾಂಡಿನ ಮಾನ ತೆಗೆದಿದ್ದು ಸಾಲದಾ?"

"ನನಗೆ ಕೈ ಹೋಗಿದೆಯಂತಲ್ಲ. ಹೋದ ಕೈಯಲ್ಲೇ ಎತ್ತಿದೀನಿ, ನೋಡ್ಕೋ."

"ಶನಿವಾರ ಕಾರ್ಯಕ್ರಮ ಇದೆ ಅಕ್ಕಾ!"

"ಮಾಡು. ಸದ್ದು ಆಮೇಲೆ ಸೇರಿಸ್ಕೋ."

ವ್ಯಾನಿನ ಬಾಗಿಲು ಅವಳೇ ಎಳೆದು ಹಾಕಿಕೊಂಡಳು.

ಶನಿವಾರದ ಕಾರ್ಯಕ್ರಮ ನಡೆಯಲಿಲ್ಲ. ಹನ್ನೊಂದು ದಿನ ವಿಡಿಯೊ ಮಾಯವಾಗಿ, ಆಮೇಲೆ ಮೂಲ ಧ್ವನಿಯೊಂದಿಗೆ ಮತ್ತೆ ಬಂತು. ಕೆಳಗೆ ಕೆಲವರು ಡ್ರಮ್ ಮೊದಲಿನಷ್ಟು ಚೆನ್ನಾಗಿಲ್ಲ ಎಂದು ಬರೆದರು, ಕೆಲವರು ಈಗ ಜೀವ ಬಂತು ಎಂದರು. ಅವಳು ಎರಡನ್ನೂ ಓದಿದಳು, ಯಾರಿಗೂ ಉತ್ತರಿಸಲಿಲ್ಲ.

ಏಳು ತಿಂಗಳು ಕಳೆದ ಮೇಲೆ, ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಯ ದಿನ, ಆಸ್ಪತ್ರೆಯ ಬೆಂಚಿನ ಮೇಲೆ ತಮ್ಮ ಅವಳ ಪಕ್ಕ ಕುಳಿತ. "ತಪ್ಪಾಯ್ತು ಅಕ್ಕಾ. ವಾಪಸ್ ಬಾ," ಎಂದ.

"ತಪ್ಪಾಯ್ತು ಅಂದಿದ್ದು ಕೇಳಿಸ್ತು. ಬರೋದು ಮಾತ್ರ ಇಲ್ಲ," ಎಂದಳು. ಸಿಟ್ಟು ಇನ್ನೂ ಹಾಗೇ ಇತ್ತು; ಅದನ್ನು ಮುಚ್ಚಿಡುವ ಗೋಜಿಗೆ ಅವಳು ಹೋಗಲಿಲ್ಲ. ಆಮೇಲೆ ಯಾವ ಔಷಧಿಯ ಹನಿ ಎಷ್ಟು ಹೊತ್ತಿಗೆ ಎಂದು ಇಬ್ಬರೂ ನರ್ಸ್ ಹತ್ತಿರ ಕೇಳಿಕೊಂಡರು.

ಡ್ರಮ್ ಈಗ ಮನೆಯ ಹಿಂದಿನ ಕೋಣೆಯಲ್ಲಿದೆ. ಅದಕ್ಕೆ ಜಾಗ ಮಾಡಿಕೊಡಲು ಗಂಡ ತನ್ನ ಗಡಿಯಾರಗಳನ್ನೆಲ್ಲ ನಡುಮನೆಗೆ ತಂದುಕೊಂಡಿದ್ದಾನೆ. ದಿನಾ ಸಂಜೆ ಆರಕ್ಕೆ ಅವಳು ನಲವತ್ತು ನಿಮಿಷ ಬಾರಿಸುತ್ತಾಳೆ, ಅದರಲ್ಲಿ ಇಪ್ಪತ್ತು ನಿಮಿಷ ಎಡಗೈ ಒಂದರಲ್ಲೇ. ಮೇಲಿನ ಮನೆಯವರು ಒಮ್ಮೆ ಇಳಿದು ಬಂದು, ಸ್ವಲ್ಪ ಮೆಲ್ಲಗೆ ಬಾರಿಸಬಹುದೇ ಎಂದು ವಿನಯದಿಂದಲೇ ಕೇಳಿದರು. ಅವರ ಜೊತೆಗೂ ಜಗಳವಾಯಿತು.