ಸ್ಥಳ ಖಾಲಿ ಬಿಟ್ಟ ಮೇಲ್‌ಗಳು

ನಮ್ಮಪ್ಪ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಮರೆವಿನ ಕಾಯಿಲೆ ಬಂದ ಮೇಲೆ ಉಂಡದ್ದು ಮರೆಯುತ್ತಿದ್ದರು, ನನ್ನ ಹೆಸರು ಮರೆಯುತ್ತಿದ್ದರು. ಡ್ಯೂಟಿಗೆ ಹೋಗಬೇಕೆನ್ನುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವ್ವ ಒಲೆ ಮುಂದೆ ಕೂತಿದ್ದಾಗ ಹಳೆಯ ಖಾಕಿ ಅಂಗಿ ತೊಟ್ಟು ಹೊರಟೇಹೋದರು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವಾಕೆ ನೋಡಿದ್ದಳು. ಯಾವ ಬಸ್ಸು ಹತ್ತಿದರೆಂದು ಅವಳಿಗೂ ಗೊತ್ತಿರಲಿಲ್ಲ.

ಪೊಲೀಸರಿಗೆ ದೂರು ಕೊಟ್ಟೆವು. ನಾನು ಕಂಪ್ಯೂಟರ್ ಕಲಿಸುವವಳು, ಸುಮ್ಮನೆ ಕೂರಲಾಗದೆ ಅಪ್ಪನ ಫೋಟೊ ಹಾಕಿ ಒಂದು ವೆಬ್ ಪುಟ ಮಾಡಿದೆ. ಫೋನ್ ನಂಬರ್ ಹಾಕಿದ್ದಕ್ಕೆ ಕೆಟ್ಟ ಕರೆಗಳು ಬಂದವು, ತೆಗೆದೆ. ಅದರ ಬದಲು ಫೋಟೊದ ಕೆಳಗೆ ಒಂದು ಲಿಂಕ್ ಇಟ್ಟೆ. ಒತ್ತಿದರೆ ಮೇಲ್ ತೆರೆದುಕೊಳ್ಳಬೇಕು, ನನ್ನ ವಿಳಾಸ, ವಿಷಯ, ಒಕ್ಕಣೆ ಎಲ್ಲ ಮೊದಲೇ ತುಂಬಿರಬೇಕು. ಬರೆಯಲು ಹಿಂಜರಿಯುವವರಿಗೆ ಅನುಕೂಲವಾಗಲಿ ಅಂತ. ಮೊದಲ ಸಲ ಒತ್ತಿ ನೋಡಿದಾಗ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಂದವು. ಸಾಲು ಮುರಿಯುವ ಸಂಕೇತ ಕೊಟ್ಟು, ಒಂದರ ಕೆಳಗೊಂದು ಬರುವಂತೆ ಸರಿ ಮಾಡಿದೆ: ‘ಇವರನ್ನು ನೋಡಿದ್ದೇನೆ. ಸ್ಥಳ: ಸಮಯ:’

ಮೇಲ್‌ಗಳು ಬರತೊಡಗಿದವು. ‘ಇವರನ್ನು ನೋಡಿದ್ದೇನೆ. ಸ್ಥಳ:’ ಮುಂದೆ ಏನೂ ಇಲ್ಲ. ಒಂದರ ಹಿಂದೊಂದು ಹಾಗೇ. ಲಿಂಕ್ ಒತ್ತಿ, ಏನೂ ತುಂಬದೆ ಕಳಿಸಿದವರು.

ಅವ್ವ ಕನ್ನಡಕ ಹಾಕಿಕೊಂಡು ನನ್ನ ಪಕ್ಕ ಬಂದು ಕೂರುತ್ತಿದ್ದಳು. “ನೋಡಿವ್ನಿ ಅಂತ ಬರ್ದವ್ರಲ್ಲ ಮಗ. ಎಲ್ಲಿ ಅಂತ ಕೇಳು.”

“ಆ ಮಾತು ನಾನೇ ಬರೆದಿಟ್ಟಿದ್ದು ಕಣವ್ವ. ಅವರು ಬರೆದಿದ್ದಲ್ಲ.”

“ನೋಡ್ದಲೆ ಯಾಕ್ ಕಳುಸ್ತಾರೆ?”

ಎಲ್ಲರಿಗೂ ಮರಳಿ ಬರೆದು ಕೇಳಿದೆ. ‘ಸುಮ್ಮನೆ ಒತ್ತಿದೆ ಮೇಡಂ, ಸಾರಿ’ ಎಂದು ಒಬ್ಬರು ಬರೆದರು.

ಕೊನೆಗೊಂದು ಮೇಲ್‌ನಲ್ಲಿ ಸ್ಥಳ ತುಂಬಿತ್ತು: ಮಲ್ಲಿಪಟ್ಟಣ. ‘ನಮ್ ಅಂಗಡಿ ಮುಂದೆ ಕುಂತವ್ರೆ, ಬೇಗ ಬನ್ನಿ’ ಎಂದು ಕೆಳಗೊಂದು ಸಾಲು. ಅವ್ವನನ್ನು ಕರೆದುಕೊಂಡು ಹೊಳೆನರಸೀಪುರ, ಅರಕಲಗೂಡು ದಾಟಿ ಹೋದೆ. ದಾರಿಯುದ್ದಕ್ಕೂ ಅವಳು ಮಡಿಲಲ್ಲಿ ಅಪ್ಪನ ಸ್ವೆಟರ್ ಇಟ್ಟುಕೊಂಡಿದ್ದಳು.

ಅಂಗಡಿಯ ಹೆಂಗಸು ನಮ್ಮನ್ನು ಕಂಡೊಡನೆ ಅಳತೊಡಗಿದಳು. “ಡ್ಯೂಟಿಗೆ ಟೈಮಾಯ್ತು ಅಂತ ಎದ್ಬುಟ್ರು ಕಣಕ್ಕ. ಕೈ ಇಡ್ಕಂಡೆ. ಬುಡುಸ್ಕಂಡು ಬಸ್ ಅತ್ಬುಟ್ರು.”

ಅಲ್ಲೇ ನಿಂತಿರುವಾಗ ಪೊಲೀಸರ ಫೋನ್ ಬಂತು. ಅರಕಲಗೂಡು ಬಸ್ ಸ್ಟ್ಯಾಂಡಿನಲ್ಲಿ ಕುಸಿದುಬಿದ್ದ ಅಪ್ಪನನ್ನು ಹಾಸನದ ಆಸ್ಪತ್ರೆಗೆ ಸಾಗಿಸಿದ್ದರು. ನಾವು ಅದೇ ಸ್ಟ್ಯಾಂಡಿನಲ್ಲಿ ಇಳಿದು ಬಸ್ಸು ಬದಲಾಯಿಸಿ ಬಂದಿದ್ದೆವು.

ನಾವು ಹಾಸನ ಮುಟ್ಟುವಷ್ಟರಲ್ಲಿ ಅಪ್ಪನ ಉಸಿರು ನಿಂತಿತ್ತು. ಅವ್ವ ಅಳಲಿಲ್ಲ. ಅಪ್ಪನ ಖಾಕಿ ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು, ಅವನ್ನು ಬಿಚ್ಚಿ ಸರಿಯಾಗಿ ಹಾಕಿದಳು.

ತಿಥಿಗೆ ಆ ಅಂಗಡಿಯ ಹೆಂಗಸು ಮಲ್ಲಿಪಟ್ಟಣದಿಂದ ಬಂದಳು. ಅವ್ವ ಅವಳನ್ನು ಒಳಕೋಣೆಗೆ ಕರೆದೊಯ್ದು ಕೂರಿಸಿಕೊಂಡು ಕೇಳಿದಳು, “ಏನಾರ ಉಂಡಿದ್ರಾ?”

“ಮುದ್ದೆ, ಉಳ್ಳಿಕಾಳ್ ಸಾರು ಕೊಟ್ಟೆ ಕಣವ್ವ. ಇನ್ನೊಸಿ ಸಾರು ಅಂತ ಕೇಳಿ ಈಸ್ಕಂಡ್ರು.”

ಆಗ ಅವ್ವನಿಗೆ ಅಳು ಬಂತು. ಇಬ್ಬರೂ ಕೈಹಿಡಿದು ಕೂತರು. ನಾನು ಬಾಗಿಲು ಮುಂದಕ್ಕೆ ಎಳೆದುಕೊಂಡು ಬಡಿಸಲು ಹೋದೆ.