ಡೀಸೆಲ್ ಕುಡಿಯದ ಗಾಡಿಯ ಸರದಿ

ಅಜ್ಜಂಪುರದ ಗೂಡ್ಸ್ ಗಾಡಿ ಸ್ಟ್ಯಾಂಡಿನಲ್ಲಿ ಓಂಕಾರೇಶ್ ಒಂದು ಮಾತು ಹೇಳಿದರೆ ಮುಗಿಯಿತು, ಯಾರೂ ಚಕಾರ ಎತ್ತುತ್ತಿರಲಿಲ್ಲ. ಮೀಸೆ ಚಿಗುರುವ ಮುಂಚೆಯೇ ಸ್ಟೇರಿಂಗ್ ಹಿಡಿದ ಆಸಾಮಿ. ಶಿವನಿ, ಚೌಳಹಿರಿಯೂರು, ಕಡೂರು ಎಂದು ಈರುಳ್ಳಿ ಮೂಟೆ ಹೊತ್ತು ಅವನ ಡೀಸೆಲ್ ಗಾಡಿ ತಿರುಗದ ದಾರಿಯಿಲ್ಲ. ಬಾಡಿಗೆಗೆ ಯಾರು ಮೊದಲು, ಯಾರು ಆಮೇಲೆ ಎಂಬ ಸರದಿ ನಡೆಸುತ್ತಿದ್ದವನೂ ಅವನೇ. ಕೆಟ್ಟವನೇನಲ್ಲ, ಯಾರ ಗಾಡಿ ದಾರಿಯಲ್ಲಿ ನಿಂತರೂ ಹಗ್ಗ ಕಟ್ಟಿ ಎಳೆದು ತರುವವನು. ಆದರೆ ಹೇಮಶ್ರೀ ವಿಷಯದಲ್ಲಿ ಮಾತ್ರ ಆ ಒಳ್ಳೆಯತನ ಎಲ್ಲಿ ಹಾಳಾಗಿ ಹೋಗಿತ್ತೋ!

ಹೇಮಶ್ರೀ ಗಿಡ್ಡಪ್ಪನ ಮಗಳು. ಗಿಡ್ಡಪ್ಪ ಬದುಕಿರುವತನಕ ಓಂಕಾರೇಶನ ಗಾಡಿಗೇ ಮೂಟೆ ಹೊತ್ತವನು. ಅವನ ಮಗಳು ಹೋದ ವರ್ಷ ಕರೆಂಟಿನ ಗೂಡ್ಸ್ ಗಾಡಿ ತೆಗೆದುಕೊಂಡು, ಹಸಿರು ಪ್ಲೇಟಿನ ಮೇಲೆ ಹಳದಿ ನಂಬರ್ ಬರೆಸಿಕೊಂಡು, ಸದ್ದೇ ಇಲ್ಲದೆ ಬಂದು ಸರದಿಯಲ್ಲಿ ನಿಂತಳು. ಓಂಕಾರೇಶನ ಹೊಟ್ಟೆಗೆ ಬೆಂಕಿ ಬಿತ್ತು.

"ಲೇ ಹೇಮಾ, ನಾವು ಹಾಕ್ಸೋ ಒಂದೊಂದು ಲೀಟರ್ ಡೀಸೆಲ್ಗೂ ಟ್ಯಾಕ್ಸ್ ಕಟ್ತೀವಿ. ಆ ದುಡ್ಡಲ್ಲೇ ಕಣೇ ಈ ರೋಡು ಆಗಿರೋದು. ನೀನು ಮನೇಲಿ ಪ್ಲಗ್ ಚುಚ್ಕೊಂಡು, ಪರ್ಮಿಟ್ಟೂ ಇಲ್ದೆ ಬತ್ತೀಯ. ಹಿಂದೆ ನಿಲ್ಲು. ನಮ್ದೆಲ್ಲ ಆದ್ಮೇಲೆ ಉಳಿದ್ರೆ ನಿಂದು."

ಸ್ಟ್ಯಾಂಡಿನವರೆಲ್ಲ ಹೌದು ಹೌದು ಎಂದರು. ಹೇಮಶ್ರೀ ಗಾಡಿಯನ್ನು ಹಿಂದಕ್ಕೆ ತೆಗೆದಳು. ಅಂದಿನಿಂದ ಎಷ್ಟು ಬೇಗ ಬಂದರೂ ಅವಳ ಗಾಡಿ ಕೊನೆಗೇ. ಈರುಳ್ಳಿ ಲೋಡೆಲ್ಲ ಹೋಗಿ, ಖಾಲಿ ಕ್ರೇಟೋ ಮುರಿದ ಮಂಚವೋ ಉಳಿದರೆ ಅದು ಅವಳಿಗೆ.

ಈ ಸಲ ಓಂಕಾರೇಶನ ಹಳೇ ಗಾಡಿಗೆ ಎಫ್‌ಸಿ, ಅಂದರೆ ಫಿಟ್ನೆಸ್ ಸರ್ಟಿಫಿಕೇಟ್, ಆಗಲಿಲ್ಲ. ಎಂಜಿನ್ನೇ ಸವೆದುಹೋಗಿದೆ, ಹೊಗೆ ಟೆಸ್ಟ್ ಹೇಗೆ ಪಾಸಾದೀತು? ಮಗಳು ಅಶ್ವಿನಿ, "ಹೇಮಕ್ಕನ ಥರದ್ದೇ ತಗೋ ಅಪ್ಪಾ," ಎಂದಳು. ಓಂಕಾರೇಶ್ ಮುಖ ಸಿಂಡರಿಸಿದ, ಬೈದ, ಆಮೇಲೆ ಅದನ್ನೇ ತಗೊಂಡ. ತರೀಕೆರೆಯ ಆರ್‌ಟಿಓ ಆಫೀಸಿನಲ್ಲಿ ರಿಜಿಸ್ಟ್ರೇಷನ್ ಆಯಿತು. "ಇದಕ್ಕೆ ಪರ್ಮಿಟ್ ಬೇಡ ಯಜಮಾನ್ರೇ," ಎಂದು ಅಲ್ಲಿನ ಗುಮಾಸ್ತ ಹೇಳಿದಾಗ ಖುಷಿಯಾಯಿತು. ಹಸಿರು ಪ್ಲೇಟ್ ಕೈಗೆ ಬಂದಾಗ ಮಾತ್ರ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ನಾಳೆ ಸ್ಟ್ಯಾಂಡಿನಲ್ಲಿ ಯಾವ ಮುಖ ಇಟ್ಟುಕೊಂಡು ನಿಲ್ಲುವುದು?

ಬೆಳಿಗ್ಗೆ ತೆಪ್ಪಗೆ ಹೋಗಿ ಹೇಮಶ್ರೀಯ ಗಾಡಿಯ ಹಿಂದೆ ನಿಲ್ಲಿಸಿದ. ಚೆನ್ನಾಗಿ ನಗಲಿ, ಬೇಕಾದರೆ ಉಗಿಯಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದ. ಆದರೆ ಅವನ ಜೊತೆಗಾರ ಡ್ರೈವರ್ ಧನಪಾಲ್ ಓಡಿಬಂದು ಕೈ ಹಿಡಿದೆಳೆದ.

"ಏನಣ್ಣಾ, ನೀನು ಕೊನೇಲಾ? ಮುಂದೆ ಬಾ! ಏ ಕೇಳ್ರೋ, ಇವತ್ತಿಂದ ಎಲ್ರಿಗೂ ಒಂದೇ ಸರದಿ. ಡೀಸೆಲ್ಲೂ ಇಲ್ಲ, ಟ್ಯಾಕ್ಸೂ ಇಲ್ಲ, ಎಂಥದ್ದೂ ಇಲ್ಲ!"

"ಸೈ ಬಿಡಪ್ಪಾ!" ಎಂದರು ಎಲ್ಲರೂ. ಅಷ್ಟೇ. ಒಂದು ಟೀ ಕುಡಿಯುವಷ್ಟರಲ್ಲಿ ಆ ಕಾನೂನು ಹೋಯಿತು. ವರ್ಷವಿಡೀ ಅದನ್ನು ಹೊತ್ತು ನಿಂತವಳು ಅಲ್ಲೇ ಇದ್ದಳು, ಅವಳ ಕಡೆ ಯಾರೂ ನೋಡಲೂ ಇಲ್ಲ. ಓಂಕಾರೇಶನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಉಗಿದಿದ್ದರೆ ತಡೆದುಕೊಳ್ಳುತ್ತಿದ್ದ, ಈ ಮರ್ಯಾದೆಯನ್ನು ತಡೆದುಕೊಳ್ಳುವುದು ಹೇಗೆ?

ಅವಳ ಗಾಡಿಯ ಹತ್ತಿರ ಹೋಗಿ ನಿಂತ.

"ಅಣ್ಣಾ, ನೀವು ಹೇಳಿದ್ದು ಸರಿ ಅಂತ್ಲೇ ನಂಬಿದ್ದೆ," ಎಂದಳು ಹೇಮಶ್ರೀ. "ಟ್ಯಾಕ್ಸ್ ಕಟ್ದೆ ಪುಕ್ಸಟ್ಟೆ ರೋಡಲ್ಲಿ ಓಡಾಡ್ತಿದ್ದೀನಿ ಅಂತ ನಾಚ್ಕೊಂಡೇ ನಿಲ್ತಿದ್ದೆ."

ಓಂಕಾರೇಶ್ ಸುತ್ತ ನೋಡಿದ. ಎಲ್ಲರೂ ಕೇಳುತ್ತಿದ್ದರು. ಕೇಳಲಿ ಎಂದುಕೊಂಡ.

"ಟ್ಯಾಕ್ಸಲ್ಲ ಕಣವ್ವಾ. ಅದು ಬರೀ ನೆಪ. ನಮ್ಮ ಗಾಡಿಗೆ ಮೂಟೆ ಹೊತ್ತೋನ ಮಗಳು, ಆ ಕೇರಿಯೋಳು, ನನ್ನ ಸಮಕ್ಕೆ ಗಾಡಿ ನಿಲ್ಸಿದ್ದು ನಂಗೆ ತಡ್ಕೊಳೋಕಾಗ್ಲಿಲ್ಲ."

ಹೇಮಶ್ರೀ ಅವನ ಮುಖವನ್ನೇ ನೋಡಿದಳು.

"ಇದನ್ನ ಆವತ್ತೇ ಹೇಳಿದ್ರೆ," ಎಂದಳು, "ಆವತ್ತೇ ಜಗಳ ಆಡ್ತಿದ್ದೆ ಅಣ್ಣಾ. ಒಂದಿನಾನೂ ಹಿಂದೆ ನಿಲ್ತಿರ್ಲಿಲ್ಲ."

ಗಾಡಿ ಹತ್ತಿ, ಸಾಲು ಬಿಟ್ಟು ಮುಂದಕ್ಕೆ ತಂದು, ಲೋಡಿನ ಹತ್ತಿರ ಮೊದಲನೆಯದಾಗಿ ನಿಲ್ಲಿಸಿದಳು. ಓಂಕಾರೇಶ್ ತಲೆ ಎತ್ತದೆ ಹೋಗಿ ಮೊದಲ ಮೂಟೆಗೆ ತಾನೇ ಹೆಗಲು ಕೊಟ್ಟ.